ದೇಶಿ, ವಿದೇಶಿ, ಸಿಂಗಲ್ ಮಾಲ್ಟ್: ಕುಡಿತದ ಮೇಲು-ಕೀಳಿನ ಚರಿತ್ರೆ

ಪುಣೆ, ಮುಂಬಯಿಗಳಲ್ಲಿ ನಾಲ್ಕು ದಿನ ಓಡಾಡಿದವರ ಕಣ್ಣಿಗೂ ಎರಡು ಬಗೆಯ ಬೋರ್ಡುಗಳು ಬಿದ್ದಿರುತ್ತವೆ. ಒಂದು, 'ಸರಕಾರಮಾನ್ಯ ದೇಶೀ ದಾರೂಚೆ ದುಕಾನ್'. ಇನ್ನೊಂದು, 'ಪರ್ಮಿಟ್ ರೂಮ್ ಆಂಡ್ ಬಿಯರ್ ಬಾರ್'. ಮೊದಲನೆಯದರ ಮುಂದೆ ಹಮಾಲರು, ಗಾರೆ ಕೆಲಸದವರು ನಿಂತಿರುತ್ತಾರೆ. ಎರಡನೆಯದರೊಳಗೆ ಸಂಬಳ ಬಂದ ವಾರ ನಮ್ಮಂಥವರು ಕೂತಿರುತ್ತೇವೆ. ಮೊದಲನೆಯ ಅಂಗಡಿಯ ದೇಶಿ ದಾರೂ, ಎರಡನೆಯದರ ಅಗ್ಗದ ವಿಸ್ಕಿ, ಎರಡೂ ಬಹುಮಟ್ಟಿಗೆ ಹುಟ್ಟುವುದು ಒಂದೇ ವಸ್ತುವಿನಿಂದ: ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ. ಬಟ್ಟಿ ಇಳಿಸಿದ ಸ್ಪಿರಿಟ್ಟಿಗೆ ಒಂದು ಕಡೆ ಕಿತ್ತಳೆಯ ವಾಸನೆ ಸೇರುತ್ತದೆ, ಇನ್ನೊಂದು ಕಡೆ ಬಣ್ಣ, ವಿಸ್ಕಿಯ ಪರಿಮಳ, ಒಂದು ಇಂಗ್ಲಿಷ್ ಹೆಸರು ಸೇರುತ್ತವೆ. ಶುದ್ಧೀಕರಣದಲ್ಲಿ, ತೆರಿಗೆಯಲ್ಲಿ ವ್ಯತ್ಯಾಸವಿದೆ, ನಿಜ. ಆದರೆ ಒಂದನ್ನು ಕಾನೂನು 'ದೇಶಿ' ಎನ್ನುತ್ತದೆ, ಇನ್ನೊಂದನ್ನು 'ಭಾರತದಲ್ಲಿ ತಯಾರಾದ ವಿದೇಶಿ ಮದ್ಯ' ಎನ್ನುತ್ತದೆ. ಕೊಲ್ಲಾಪುರದ ಕಬ್ಬು ವಿದೇಶಿಯಾಗುವ ಈ ವಿಚಿತ್ರ ನಮಗೆ ರೂಢಿಯಾಗಿಬಿಟ್ಟಿದೆ.

ನಮ್ಮ ಐಟಿ ವಲಯದಲ್ಲಿ ಇದರ ಮೇಲೆ ಇನ್ನೂ ಒಂದು ಮೆಟ್ಟಿಲಿದೆ. ಟೀಮ್ ಪಾರ್ಟಿಯಲ್ಲಿ ಹೊಸ ಹುಡುಗನೊಬ್ಬ ರಮ್ ಮತ್ತು ಕೋಲಾ ಕೇಳಿದರೆ ಸೀನಿಯರುಗಳು ನಸುನಗುತ್ತಾರೆ. ಯಾರಾದರೂ ಸಿಂಗಲ್ ಮಾಲ್ಟಿಗೆ ಸೋಡಾ ಹಾಕಿಸಿಕೊಂಡರೆ ಕರ್ನಾಟಕ ಸಂಗೀತ ಕಛೇರಿಯಲ್ಲಿ ಮೊಬೈಲ್ ರಿಂಗಾದ ಹಾಗೆ ಎಲ್ಲರೂ ತಿರುಗಿ ನೋಡುತ್ತಾರೆ. ಎಷ್ಟು ವರ್ಷದ್ದು, ಯಾವ ದ್ವೀಪದ್ದು, ಯಾವ ಪೀಪಾಯಿಯಲ್ಲಿಟ್ಟದ್ದು ಎಂಬ ಮಾತು ಶುರುವಾಗುತ್ತದೆ. ಇದೆಲ್ಲ ನಾಲಗೆಯ ಸಂಸ್ಕಾರ, ಅನುಭವದಿಂದ ಬರುವ ರುಚಿ ಎಂದು ಹೇಳುವವರು ನಂಬಿರುತ್ತಾರೆ, ಕೇಳುವವರೂ ನಂಬುತ್ತಾರೆ. ಚರಿತ್ರೆ ತೆಗೆದು ನೋಡಿದರೆ ಈ ಮೆಟ್ಟಿಲುಗಳನ್ನು ಕಟ್ಟಿದ್ದರಲ್ಲಿ ನಾಲಗೆಯ ಪಾಲು ಕಡಿಮೆ, ಅಬಕಾರಿ ಇಲಾಖೆಯ ಪಾಲು ಹೆಚ್ಚು.

ಈ ಮೇಲು-ಕೀಳು ನಮ್ಮಲ್ಲಿ ಅನಾದಿಯಿಂದ ಬಂದದ್ದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಅರಮನೆಯ ಊಟ, ಆಟ, ವಿನೋದಗಳ ದೊಡ್ಡ ಕೋಶ. ಅದರಲ್ಲಿ ಪಾನೀಯಗಳ ಪ್ರಸ್ತಾಪವೂ ಇದೆ. ದ್ರಾಕ್ಷಿಯದು, ಕಬ್ಬಿನದು ಇರುವಂತೆ ತಾಳೆಯದು, ತೆಂಗಿನದು, ಖರ್ಜೂರದ್ದೂ ಅಲ್ಲಿವೆ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ದೊರೆಗೆ ಮರದಿಂದ ಇಳಿದದ್ದು ಕೀಳು, ಬಳ್ಳಿಯಿಂದ ಬಂದದ್ದು ಮೇಲು ಎನಿಸಿರಲಿಲ್ಲ. ಕುಡಿಯುವುದೇ ತಪ್ಪು ಎನ್ನುವ ಧರ್ಮಶಾಸ್ತ್ರ ಆಗಲೂ ಇತ್ತು. ಆದರೆ ಇದನ್ನು ಕುಡಿದವನು ರಸಿಕ, ಅದನ್ನು ಕುಡಿದವನು ಕುಡುಕ ಎಂಬ ಇಂದಿನ ವಿಂಗಡಣೆ ಬೇರೆ ಕಡೆಯಿಂದ ಬಂತು.

ಮೇಲಿನ ಮೆಟ್ಟಿಲಿನಲ್ಲಿ ಕೂತಿರುವ ಸ್ಕಾಚನ್ನೇ ತೆಗೆದುಕೊಳ್ಳೋಣ. 19ನೇ ಶತಮಾನದ ಆರಂಭದವರೆಗೂ ಅದು ಸ್ಕಾಟ್ಲೆಂಡಿನ ರೈತರ ಮನೆಯ ಕಳ್ಳಬಟ್ಟಿ. ಮಿಕ್ಕ ಬಾರ್ಲಿಯನ್ನು ಬಟ್ಟಿ ಇಳಿಸಿ, ತೆರಿಗೆಯವರ ಕಣ್ಣು ತಪ್ಪಿಸಿ ಮಾರುತ್ತಿದ್ದರು. 1823ರ ಅಬಕಾರಿ ಕಾನೂನು ಸುಂಕ ಇಳಿಸಿ, ಲೈಸೆನ್ಸನ್ನು ಸುಲಭ ಮಾಡಿದ ಮೇಲೆ ಕಳ್ಳಬಟ್ಟಿ ಉದ್ಯಮವಾಯಿತು. 1830ರ ಸುಮಾರಿಗೆ ಈನಿಯಾಸ್ ಕಾಫಿ ಎಂಬಾತ ನಿರಂತರವಾಗಿ ಬಟ್ಟಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆತ ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದವನು! ಆ ಯಂತ್ರದಿಂದ ಬಂದ ಹಗುರ, ಅಗ್ಗದ ಧಾನ್ಯದ ಸ್ಪಿರಿಟ್ಟನ್ನು ಗಡಸು ಮಾಲ್ಟಿಗೆ ಬೆರೆಸಿದ್ದರಿಂದಲೇ ಸ್ಕಾಚ್ ಸ್ಕಾಟ್ಲೆಂಡಿನ ಹೊರಗಿನವರ ನಾಲಗೆಗೆ ಹಿಡಿಸಿತು.

ಆದರೂ ಲಂಡನ್ನಿನ ದೊಡ್ಡ ಮನುಷ್ಯರು ಆಗ ಕುಡಿಯುತ್ತಿದ್ದದ್ದು ಬ್ರಾಂಡಿ ಮತ್ತು ಸೋಡಾ. 1860ರ ದಶಕದಿಂದ ಫಿಲೋಕ್ಸೆರಾ ಎಂಬ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿ ಬಳ್ಳಿಗಳ ಬೇರನ್ನೇ ತಿಂದುಹಾಕಿತು. ಬ್ರಾಂಡಿ ಸಿಗದೆ ಹೋದಾಗ ಖಾಲಿಯಾದ ಗ್ಲಾಸಿಗೆ ವಿಸ್ಕಿ ಬಂತು, ಸೋಡಾ ಹಾಗೇ ಉಳಿಯಿತು. ಅಂದರೆ ಇವತ್ತು ಯಾವುದನ್ನು ಕಂಡು ನಮ್ಮ ರಸಿಕರು ಹುಬ್ಬು ಗಂಟಿಕ್ಕುತ್ತಾರೋ ಆ ಸೋಡಾದ ಜೊತೆಗೇ ವಿಸ್ಕಿ ಸಭ್ಯರ ಮನೆಯೊಳಗೆ ಕಾಲಿಟ್ಟದ್ದು.

ವಯಸ್ಸಿನ ಕತೆಯೂ ಹೀಗೆಯೇ. ವಿಸ್ಕಿ ಎಂದರೆ ಏನು ಎಂದು ನಿರ್ಧರಿಸಲು ಬ್ರಿಟಿಷ್ ಸರ್ಕಾರ 1908ರಲ್ಲಿ ರಾಯಲ್ ಕಮಿಷನ್ ನೇಮಿಸಿತು. 1909ರ ವರದಿ ಯಂತ್ರದ ಸ್ಪಿರಿಟ್ಟೂ ವಿಸ್ಕಿಯೇ ಎಂದಿತು, ಇಂತಿಷ್ಟು ವರ್ಷ ಪೀಪಾಯಿಯಲ್ಲಿರಲೇಬೇಕೆಂಬ ನಿಯಮ ಬೇಡ ಎಂದಿತು. ಮೊದಲ ಮಹಾಯುದ್ಧ ಬಂತು. ಮದ್ದುಗುಂಡಿನ ಕಾರ್ಖಾನೆಗಳ ಕಾರ್ಮಿಕರು ಕುಡಿದು ಕೆಲಸ ಕೆಡಿಸುತ್ತಾರೆಂದು ಲಾಯ್ಡ್ ಜಾರ್ಜ್ ಗುಡುಗಿದರು. ಎಳೆಯ ಮದ್ಯವನ್ನು ಮಾರುಕಟ್ಟೆಯಿಂದ ತಡೆಯಲು 1915ರಲ್ಲಿ ಕಾನೂನಾಯಿತು. ಮೊದಲು ಎರಡು ವರ್ಷ, ಮರುವರ್ಷದಿಂದ ಮೂರು ವರ್ಷ ಇಡಲೇಬೇಕು. ಆ ಮೂರು ವರ್ಷದ ನಿಯಮ ಇವತ್ತಿಗೂ ಇದೆ. ಇನ್ನು ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನಾಚೆಗೆ ಆ ಹೆಸರಿನಲ್ಲೇ ಮಾರಲು ಗ್ಲೆನ್‌ಫಿಡಿಕ್ ಹೊರಟದ್ದು 1963ರಲ್ಲಿ. ಶತಮಾನಗಳ ಪರಂಪರೆಯೆಂದು ನಾವು ತಲೆಬಾಗುವ ಆ ಶಿಷ್ಟಾಚಾರ ನಮ್ಮ ಅಪ್ಪಂದಿರಿಗಿಂತ ಚಿಕ್ಕದು.

ಮೇಲಿನ ಮೆಟ್ಟಿಲು ಹೀಗೆ ಕಟ್ಟಿಕೊಳ್ಳುತ್ತಿದ್ದಾಗಲೇ ನಮ್ಮ ದೇಶದಲ್ಲಿ ಕೆಳಗಿನ ಮೆಟ್ಟಿಲೂ ತಯಾರಾಗುತ್ತಿತ್ತು. ಹೆಂಡಕ್ಕೆ ತೆರಿಗೆ ಹಾಕುವುದು ಕಷ್ಟ. ಅದು ಊರೂರಿನ ಮರದ ತುದಿಯಲ್ಲಿ, ಮಡಕೆಯೊಳಗೆ ತಾನಾಗಿ ಹುಳಿಯುತ್ತದೆ. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ, ಮಾರನೆಯ ದಿನಕ್ಕೆ ಬಾಯಿಗಿಡಲಾಗದು. ಗೋದಾಮಿನಲ್ಲಿ ಕೂಡಿಡಲಾಗದ್ದನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ? ಡಿಸ್ಟಿಲರಿಯಾದರೆ ಒಂದು ಗೇಟು, ಒಂದು ಬೀಗ, ಒಬ್ಬ ಇನ್‌ಸ್ಪೆಕ್ಟರ್ ಸಾಕು. 1878ರ ಬಾಂಬೆ ಅಬಕಾರಿ ಕಾಯ್ದೆ ಈ ಲೆಕ್ಕಾಚಾರದ ಫಲ. ಬಟ್ಟಿ ಇಳಿಸುವುದು ಸರ್ಕಾರದ ಹಿಡಿತದ ಡಿಸ್ಟಿಲರಿಗಳಿಗೆ, ಗುತ್ತಿಗೆದಾರರಿಗೆ ಸೇರಿತು. ಹೆಂಡ ಇಳಿಸುವವನು ಮರ ಒಂದಕ್ಕೆ ಇಷ್ಟು ಎಂದು ತೆರಿಗೆ ಕಟ್ಟಬೇಕಾಯಿತು. 1892ರಲ್ಲಿ ಮಹುವಾ, ಅಂದರೆ ನಮ್ಮ ಇಪ್ಪೆ ಹೂವಿಗೇ ಒಂದು ಕಾನೂನು ಬಂತು. ಠಾಣೆ, ಕೊಲಾಬಾ ಕಡೆಯ ಆದಿವಾಸಿಗಳು ಬರಗಾಲದಲ್ಲಿ ಬೇಯಿಸಿ ತಿನ್ನುತ್ತಿದ್ದ ಹೂವದು. ಅದರಿಂದ ದಾರೂ ಆಗುತ್ತದೆ ಎಂಬ ಕಾರಣಕ್ಕೆ ಹೂವು ಕೂಡಿಡುವುದೂ ಅಪರಾಧವಾಯಿತು.

ಅಬಕಾರಿ ಆದಾಯ ಏರಿತು. ಅದರ ಜೊತೆಗೆ ಹೊಸ ಶಬ್ದಕೋಶವೂ ಬೆಳೆಯಿತು. ಸಾಹೇಬರು ಕುಡಿಯುವುದು 'ಫಾರಿನ್', ಉಳಿದವರದು 'ಕಂಟ್ರಿ'. ಸ್ವಾತಂತ್ರ್ಯ ಬಂದ ಮೇಲೆ ಸಾಹೇಬರು ಹೋದರು, ಆ ಎರಡು ಪದಗಳು ಕಡತದಲ್ಲಿ ಉಳಿದವು. 1949ರ ಬಾಂಬೆ ಪಾನನಿಷೇಧ ಕಾಯ್ದೆಯಲ್ಲೂ ಪರ್ಮಿಟ್ಟಿನ ಬಾಗಿಲು ತೆರೆದಿತ್ತು. ಆರೋಗ್ಯದ ಕಾರಣಕ್ಕೆ ಮದ್ಯ ಬೇಕೆಂದು ಡಾಕ್ಟರ ಚೀಟಿ ತರಬಲ್ಲವರಿಗೆ ಬಾಟಲಿ ಸಿಗುತ್ತಿತ್ತು. ಚೀಟಿ ತರಲಾಗದವರು ಕಳ್ಳಭಟ್ಟಿಯ ದಾರಿ ಹಿಡಿದರು. ನಾವು ದಿನಾ ನೋಡುವ 'ಪರ್ಮಿಟ್ ರೂಮ್' ಬೋರ್ಡು ಆ ಕಾಲದ ಪಳೆಯುಳಿಕೆ.

ಇಷ್ಟು ಹೇಳಿ, ಸಾರಾಯಿ ನಿಷೇಧವೆಲ್ಲ ಮೇಲ್ವರ್ಗದ ಬಿನ್ನಾಣ ಎಂದು ಮುಗಿಸಿದರೆ ದೊಡ್ಡ ಅನ್ಯಾಯವಾಗುತ್ತದೆ. 1922ರಲ್ಲಿ ದಕ್ಷಿಣ ಗುಜರಾತಿನ ಆದಿವಾಸಿಗಳು ದೇವಿಯ ಅಪ್ಪಣೆಯೆಂದು ಹೆಂಡ, ದಾರೂ ಬಿಟ್ಟರು. ಸಾಲಕ್ಕೆ ಕುಡಿಸಿ ಭೂಮಿ ಬರೆಸಿಕೊಳ್ಳುತ್ತಿದ್ದ ಅಂಗಡಿಕಾರರ ಮೇಲಿನ ಸಿಟ್ಟೂ ಅದರಲ್ಲಿತ್ತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಗಂಡನ ಕೂಲಿ ಮನೆಗೆ ಬರುತ್ತಿರಲಿಲ್ಲ, ಬರುತ್ತಿದ್ದದ್ದು ಹೊಡೆತ. ಅವರ ನ್ಯಾಯವನ್ನು ಯಾರೂ ಅಲ್ಲಗಳೆಯಲಾರರು. ಚಳವಳಿ ಹಬ್ಬಿತು, 1993ರಲ್ಲಿ ಸಾರಾಯಿ ನಿಂತಿತು, 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಸಂಪೂರ್ಣ ಪಾನನಿಷೇಧ ತಂದಿತು. ಬೊಕ್ಕಸ ತಡೆಯಲಿಲ್ಲ. 1997ರಲ್ಲಿ ನಿಷೇಧ ತೆಗೆದಾಗ ಏನಾಯಿತು ನೋಡಿ: ವಿಸ್ಕಿ, ಬ್ರಾಂಡಿ, ಬಿಯರ್ ವಾಪಸು ಬಂದವು, ಸಾರಾಯಿ ಬರಲಿಲ್ಲ. ಹೆಂಗಸರು ಹೋರಾಡಿದ್ದು ಕುಡಿತದ ವಿರುದ್ಧ. ಸರ್ಕಾರ ಕೊಟ್ಟದ್ದು ಲೇಬಲ್ಲಿನ ಬದಲಾವಣೆ.

ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಷೇಧಿಸಿತು. ಪಾಕೀಟು ಸಾರಾಯಿ ಹೋಯಿತು, ಆ ಜಾಗಕ್ಕೆ ಹೆಚ್ಚು ಬೆಲೆಯ, ಹೆಚ್ಚು ತೆರಿಗೆಯ ಅಗ್ಗದ ವಿಸ್ಕಿ, ಬ್ರಾಂಡಿ ಬಂತು. ಅದನ್ನೂ ಕೊಳ್ಳಲಾಗದವರು ಕಳ್ಳಬಟ್ಟಿಗೆ ಹೋದರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ವಿಷಮದ್ಯ 150ಕ್ಕೂ ಹೆಚ್ಚು ಜನರನ್ನು ಕೊಂದಿತು. 2015ರಲ್ಲಿ ಮುಂಬಯಿಯ ಮಾಲ್ವಣಿಯಲ್ಲಿ ನೂರರಷ್ಟು ಜನ ಹಾಗೇ ಸತ್ತರು. ಇಂಥ ಸುದ್ದಿ ಓದಿದಾಗ 'ಕಂಡದ್ದನ್ನೆಲ್ಲ ಕುಡಿದರೆ ಇನ್ನೇನಾಗುತ್ತೆ' ಎಂಬ ಮಾತು ನಮ್ಮ ಬಾಯಿಂದ ಸಲೀಸಾಗಿ ಬರುತ್ತದೆ. ಅವರು ಸತ್ತದ್ದು ರುಚಿಗೆಟ್ಟ ನಾಲಗೆಯಿಂದಲ್ಲ, ಕಳ್ಳಬಟ್ಟಿಯಲ್ಲಿದ್ದ ಮೆಥನಾಲಿನಿಂದ. ನಿಗಾ ಇರುವ ಅಂಗಡಿಯಲ್ಲಿ ಕೊಳ್ಳುವಷ್ಟು ದುಡ್ಡು ಅವರ ಕೈಯಲ್ಲಿರಲಿಲ್ಲ. ಕುಡಿತದ ಮೇಲು-ಕೀಳು ಬರೀ ಪಾರ್ಟಿಯ ತಮಾಷೆಯಾಗಿ ಉಳಿಯದಿರುವುದು ಇಲ್ಲಿ. ಯಾರ ಸಾವು ಸುದ್ದಿ, ಯಾರದು ಬುದ್ಧಿವಾದಕ್ಕೆ ನೆಪ ಎಂಬುದನ್ನೂ ಅದು ತೀರ್ಮಾನಿಸುತ್ತದೆ.

ಹಾಗಾದರೆ ರುಚಿ ಎಂಬುದೇ ಸುಳ್ಳೇ? ಅಲ್ಲ. ಒಳ್ಳೆಯದು, ಕೆಟ್ಟದ್ದು ಇದೆ, ಪಳಗಿದ ನಾಲಗೆಯೂ ಇದೆ. ಆದರೆ ಕಣ್ಣು ಮತ್ತು ಹೆಸರು ಆ ನಾಲಗೆಯನ್ನು ಬೇಗ ಮೋಸಗೊಳಿಸುತ್ತವೆ. 2001ರಲ್ಲಿ ಪ್ರಕಟವಾದ ಬೋರ್ಡೋದ ಒಂದು ಪ್ರಯೋಗದಲ್ಲಿ ವೈನ್ ಶಾಸ್ತ್ರದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು. 1976ರಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಮುಚ್ಚಿ ನಡೆಸಿದ ಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರು ಬಿಳಿ, ಕೆಂಪು ಎರಡರಲ್ಲೂ ಕ್ಯಾಲಿಫೋರ್ನಿಯದ ವೈನಿಗೇ ಮೊದಲ ಸ್ಥಾನ ಕೊಟ್ಟರು.

ನಮ್ಮೂರಿನದೇ ಉದಾಹರಣೆ ಬೇಕೆಂದರೆ ಅಮೃತ್ ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಜಿಮ್ ಮರ್ರೇ ತಮ್ಮ 2010ರ 'ವಿಸ್ಕಿ ಬೈಬಲ್'ನಲ್ಲಿ ಅಮೃತ್ ಫ್ಯೂಷನ್ನಿಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟರು. ಬೆಂಗಳೂರಿನ ಅಂಗಡಿಯಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಸಿಗತೊಡಗಿದ್ದು ಆ ಹೊತ್ತಿಗೆ. ಮನೆ ಮುಂದಿನ ಮಲ್ಲಿಗೆಗೆ ಪರಿಮಳವಿದೆ ಎಂದು ಗ್ಲಾಸ್ಗೋದವರು ಹೇಳಬೇಕಾಯಿತು. ವಯಸ್ಸಿನ ಪಾಠವೂ ಇಲ್ಲಿ ತಲೆಕೆಳಗು. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗುತ್ತದೆ, ಬೆಂಗಳೂರಿನಲ್ಲಿ 10%ಕ್ಕೂ ಹೆಚ್ಚು. ಇಲ್ಲಿ ಹದಿನೆಂಟು ವರ್ಷ ಇಟ್ಟರೆ ಪೀಪಾಯಿಯೇ ಬಹುಪಾಲು ಬರಿದಾದೀತು. ನಾಲ್ಕೈದು ವರ್ಷಕ್ಕೇ ಅದು ಮಾಗುತ್ತದೆ.

ಸಿಂಗಲ್ ಮಾಲ್ಟಿಗೆ ಸಿಕ್ಕ ಈ ಮನ್ನಣೆ ಮರದಿಂದ ಇಳಿಯುವುದಕ್ಕೆ ಸಿಕ್ಕಿಲ್ಲ. ಗೋಡಂಬಿ ಹಣ್ಣಿನ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಬಂತು. 'ಕಂಟ್ರಿ ಲಿಕ್ಕರ್' ಎಂಬ ಹಣೆಪಟ್ಟಿಯಿಂದಾಗಿ ಗೋವಾದ ಗಡಿ ದಾಟಲಾಗದೆ ಒದ್ದಾಡುತ್ತಿದ್ದ ಅದನ್ನು 2016ರಲ್ಲಿ ಗೋವಾ ಸರ್ಕಾರ ಪಾರಂಪರಿಕ ಪಾನೀಯವೆಂದು ಘೋಷಿಸಿತು. ಕರಾವಳಿಯ ಕಳ್ಳಿಗೆ ಅಷ್ಟೂ ಆಗಿಲ್ಲ. ಮೂರ್ತೆದಾರರು ಕಾಲಿಗೆ ಹಗ್ಗದ ಬಳೆ ಹಾಕಿ ದಿನಕ್ಕೆರಡು ಸಲ ಮರ ಹತ್ತಿ, ಹೊಂಬಾಳೆಯನ್ನು ಹದವಾಗಿ ತಟ್ಟಿ, ತೆಳ್ಳಗೆ ಸೀಳಿ ರಸ ಇಳಿಸುತ್ತಾರೆ. ಯಾವ ಮರ, ಯಾವ ತಿಂಗಳು, ಎಷ್ಟು ಹೊತ್ತಿನದು ಎಂದು ಒಂದು ಗುಟುಕಿನಲ್ಲೇ ಹೇಳಬಲ್ಲವರು ಅವರಲ್ಲಿದ್ದಾರೆ. ಬಿಲ್ಲವರು, ಈಡಿಗರು, ಮುಂಬಯಿಯ ಭಂಡಾರಿಗಳು ತಲೆಮಾರುಗಳಿಂದ ಈ ವಿದ್ಯೆಯ ಜೊತೆಗೆ ಅದರ ಕಳಂಕವನ್ನೂ ಹೊತ್ತರು. ಮುಂಬಯಿಗೆ ಬಂದು ಹೋಟೆಲು, ಬ್ಯಾಂಕು, ಶಾಲೆ ಕಟ್ಟಿದವರಲ್ಲಿ ಆ ಮನೆಗಳ ಮಕ್ಕಳು ಎಷ್ಟೋ ಮಂದಿ. ಅವರು ಮರ ಹತ್ತುವುದನ್ನು ಬಿಟ್ಟದ್ದು ಸರಿಯೇ, ಬಿದ್ದರೆ ಬೆನ್ನು ಮುರಿಯುವ ಕೆಲಸವದು. ಆದರೆ ಆ ಜ್ಞಾನಕ್ಕೆ ಬೆಲೆ ಕಟ್ಟದ ನಾವು ಅದೇ ಬಗೆಯ ಜ್ಞಾನ ಸ್ಕಾಟ್ಲೆಂಡಿನ ದ್ವೀಪವೊಂದರಿಂದ ಇಂಗ್ಲಿಷಿನಲ್ಲಿ ಬಂದಾಗ ಟಿಕೆಟ್ ಕೊಂಡು ಕೇಳುತ್ತೇವೆ.

ಕುಡಿಯಿರಿ ಎಂದು ಹೇಳಲು ಇಷ್ಟೆಲ್ಲ ಬರೆಯಲಿಲ್ಲ. ಹದಿನೆಂಟು ವರ್ಷದ್ದಾಗಲಿ, ಹದಿನೆಂಟು ಗಂಟೆಯದಾಗಲಿ, ಲಿವರ್ ಲೇಬಲ್ ಓದುವುದಿಲ್ಲ. ಕುಡಿಯದವರಿಗೆ ಯಾವ ನಷ್ಟವೂ ಇಲ್ಲ. ಕುಡಿಯುವವರು ಮುಂದಿನ ಪಾರ್ಟಿಯಲ್ಲಿ ತಮಗಿಷ್ಟವಾದದ್ದನ್ನು, ಬೇಕಿದ್ದರೆ ಸೋಡಾ ಹಾಕಿಕೊಂಡೇ ಕುಡಿಯಲಿ. ರಮ್ ಕೇಳಿದ ಹುಡುಗನ ಕಡೆ ನೋಡಿ ನಗುವುದನ್ನು ಬಿಟ್ಟು, ಅವನ ಊರಿನಲ್ಲಿ ಏನು ಕುಡಿಯುತ್ತಿದ್ದರು, ಯಾರು ಇಳಿಸುತ್ತಿದ್ದರು ಎಂದು ಕೇಳಿದರೆ ಪೀಪಾಯಿಯ ಕತೆಗಿಂತ ಒಳ್ಳೆಯ ಕತೆ ಸಿಗಬಹುದು.