ಗೋರಿಕಾಯಿಯ ಚರಿತ್ರೆ: ದನದ ಮೇವಿನಿಂದ ಮಧುಮೇಹಿಯ ಪಥ್ಯದವರೆಗೆ



ಇತಿಹಾಸವೆಂದರೆ ಪಟ್ಟಾಭಿಷೇಕ, ಯುದ್ಧ ಮತ್ತು ಒಪ್ಪಂದಗಳ ಪಟ್ಟಿಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಅಡುಗೆಮನೆಯ ಮೊರದಲ್ಲಿರುವ ತರಕಾರಿಗೂ ಒಂದು ಚರಿತ್ರೆಯಿದೆ. ಅದರಲ್ಲಿಯೂ ಯುದ್ಧವಿದೆ, ವ್ಯಾಪಾರವಿದೆ, ಏಳುಬೀಳುಗಳಿವೆ. ಇಂದು ನಾನು ಬರೆಯಹೊರಟಿರುವುದು ಗೋರಿಕಾಯಿಯನ್ನು ಕುರಿತು. ಉತ್ತರ ಕರ್ನಾಟಕದ ನಮ್ಮ ಬಂಧುಗಳು ಇದನ್ನೇ ಚವಳಿಕಾಯಿ ಎನ್ನುತ್ತಾರೆ. ಹಿಂದಿಯಲ್ಲಿ ಇದು ಗ್ವಾರ್. 'ಗೋವಿನ ಆಹಾರ' ಎಂಬ ಅರ್ಥದ ಪದದಿಂದ ಆ ಹೆಸರು ಬಂದಿತೆಂದು ಹೇಳುವುದುಂಟು. ಹೆಸರಿನ ಮೂಲ ಏನೇ ಇರಲಿ, ಈ ಗಿಡವನ್ನು ದನಗಳಿಗೆ ಮೇವಾಗಿ ಬೆಳೆಯುತ್ತ ಬಂದಿರುವುದಂತೂ ನಿಜ.

ಸೋಜಿಗದ ಸಂಗತಿಯೆಂದರೆ ಈ ಗಿಡ ಕಾಡಿನಲ್ಲಿ ತಾನಾಗಿ ಬೆಳೆಯುವುದು ಎಲ್ಲಿಯೂ ಕಂಡುಬಂದಿಲ್ಲ. ಇದರ ಸಮೀಪದ ಕಾಡುಸಂಬಂಧಿಗಳು ಇರುವುದು ಆಫ್ರಿಕದಲ್ಲಿ. ಅಮೆರಿಕದ ಸಸ್ಯವಿಜ್ಞಾನಿ ಥಿಯೊಡೋರ್ ಹೈಮೊವಿಟ್ಜ್ 1972ರಲ್ಲಿ ಒಂದು ಊಹೆಯನ್ನು ಮಂಡಿಸಿದರು. ಅರಬ್ಬೀ ವರ್ತಕರು ಕುದುರೆಗಳನ್ನು ಹಡಗಿನಲ್ಲಿ ಭಾರತಕ್ಕೆ ತರುವಾಗ ಮೇವಿನೊಂದಿಗೆ ಈ ಕಾಡುಸಸ್ಯದ ಬೀಜವೂ ಬಂದಿರಬೇಕು. ನಮ್ಮ ರೈತರ ಕೈಯಲ್ಲಿ ಅದು ಬೆಳೆಯಾಗಿ ರೂಪುಗೊಂಡಿರಬೇಕು ಎಂಬುದು ಅವರ ವಾದ. ಇದು ಊಹೆಯೇ ಹೊರತು ಸಿದ್ಧವಾದ ಸತ್ಯವಲ್ಲ. ಆದರೂ ಅರಬ್ಬೀ ಕುದುರೆಗಳ ವ್ಯಾಪಾರವನ್ನು ನನ್ನ ತರಗತಿಯಲ್ಲಿ ಓದಿದ ನಿಮಗೆ, ಆ ಹಡಗುಗಳಲ್ಲಿ ಪಲ್ಯದ ಕಾಯಿಯೂ ಬಂದಿರಬಹುದೆಂಬ ಮಾತು ಹಿತವೆನಿಸಬಹುದು.

1903ರಲ್ಲಿ ಈ ಬೆಳೆ ಭಾರತದಿಂದ ಅಮೆರಿಕಕ್ಕೆ ಹೋಯಿತು. ಅನೇಕ ವರ್ಷ ಅಲ್ಲಿ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ. ಅದರ ಭಾಗ್ಯ ತೆರೆದದ್ದು ಎರಡನೆಯ ಮಹಾಯುದ್ಧದಿಂದ. ಕಾಗದದ ಕಾರ್ಖಾನೆಗಳಿಗೆ ಬೇಕಾಗಿದ್ದ ಒಂದು ಬಗೆಯ ಅಂಟು ಮೆಡಿಟರೇನಿಯನ್ ಪ್ರದೇಶದ ಕ್ಯಾರೊಬ್ ಮರದ ಬೀಜದಿಂದ ಬರುತ್ತಿತ್ತು. ಯುದ್ಧದಿಂದ ಆ ಸರಬರಾಜು ಕಡಿದುಹೋದಾಗ ಬದಲಿ ವಸ್ತುವಿನ ಹುಡುಕಾಟ ನಡೆದು, ಬಲಿತ ಗೋರಿಬೀಜದ ಒಳತಿರುಳಿನಲ್ಲಿ ಅದೇ ಜಾತಿಯ ಅಂಟು ದೊರೆಯಿತು. 1950ರ ದಶಕದಲ್ಲಿ ಗೋರಿ ಅಂಟಿನ ಉದ್ಯಮ ನೆಲೆಯೂರಿತು. ಐಸ್‌ಕ್ರೀಮಿನಿಂದ ಹಿಡಿದು ತೈಲಬಾವಿಯವರೆಗೆ ಅದಕ್ಕೆ ಬೇಡಿಕೆ ಬಂದಿತು. 2012ರ ಹೊತ್ತಿಗೆ ಅಮೆರಿಕದ ತೈಲ ಮತ್ತು ಅನಿಲದ ಉದ್ಯಮಕ್ಕೆ ಇದು ಎಷ್ಟು ಬೇಕಾಯಿತೆಂದರೆ, ಬೆಲೆ ಮುಗಿಲಿಗೇರಿ, ಆ ವರ್ಷದ ಮಾರ್ಚ್ ತಿಂಗಳಿನಲ್ಲಿ ನಮ್ಮ ದೇಶದಲ್ಲಿ ಗೋರಿಬೀಜದ ವಾಯಿದಾ ವ್ಯಾಪಾರವನ್ನೇ ಸರ್ಕಾರ ತಡೆಹಿಡಿಯಬೇಕಾಯಿತು. ಇಂದಿಗೂ ಜಗತ್ತಿನ ಗೋರಿಬೀಜದ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲಿಯೂ ರಾಜಸ್ಥಾನದ ಮಳೆ ಕಡಿಮೆಯಿರುವ ಹೊಲಗಳಲ್ಲಿ.

ಇನ್ನು ರೋಗದ ಕಡೆಗೆ ಬರೋಣ. ಮಧುಮೇಹ ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯು ಪ್ರಮೇಹವನ್ನು ಹುಟ್ಟಿನಿಂದ ಬರುವುದು, ಅಪಥ್ಯ ಆಹಾರದಿಂದ ಬರುವುದು ಎಂದು ಎರಡಾಗಿ ವಿಂಗಡಿಸಿದೆ. ರೋಗಿಯ ಮೂತ್ರದಲ್ಲಿಯೂ ರಕ್ತದಲ್ಲಿಯೂ ಸಿಹಿ ಇದೆಯೆಂದು ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ತೋರಿಸಿದ್ದು 1776ರಲ್ಲಿ. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ಮೇಲೆಯೇ ಈ ರೋಗದೊಡನೆ ಬದುಕಬಹುದೆಂಬ ಧೈರ್ಯ ಮನುಷ್ಯನಿಗೆ ಬಂದಿತು.

ಆಹಾರದ ನಾರಿನ ಮಹತ್ವ ವೈದ್ಯಲೋಕದ ಗಮನಕ್ಕೆ ಬಂದದ್ದು ಇನ್ನೂ ಐವತ್ತು ವರ್ಷಗಳ ತರುವಾಯ. ಡೆನಿಸ್ ಬರ್ಕಿಟ್ ಮತ್ತು ಹ್ಯೂ ಟ್ರೋವೆಲ್ ಎಂಬ ವೈದ್ಯರು ಪೂರ್ವ ಆಫ್ರಿಕದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದವರು. ನಾರುಳ್ಳ ಆಹಾರವನ್ನು ಉಣ್ಣುವ ಅಲ್ಲಿನ ಹಳ್ಳಿಗರಲ್ಲಿ, ಯುರೋಪಿನಲ್ಲಿ ಸಾಮಾನ್ಯವಾಗಿದ್ದ ಕೆಲವು ರೋಗಗಳು ವಿರಳವೆಂಬುದನ್ನು ಅವರು ಗಮನಿಸಿದರು. ಯುದ್ಧಕಾಲದ ಇಂಗ್ಲೆಂಡಿನಲ್ಲಿ ಹೊಟ್ಟು ಹೆಚ್ಚಾಗಿ ಉಳಿದ ಹಿಟ್ಟು ಬಳಕೆಗೆ ಬಂದಾಗ ಮಧುಮೇಹದ ಸಾವುಗಳು ಕಡಿಮೆಯಾದುದನ್ನು ಟ್ರೋವೆಲ್ 1974ರಲ್ಲಿ ಎತ್ತಿ ತೋರಿಸಿದರು. ಅದೇ ಕಾಲದಲ್ಲಿ ಸಕ್ಕರೆಗೂ ಕೊಬ್ಬಿಗೂ ಪಡಿತರವಿತ್ತೆಂಬುದನ್ನು ನಾವು ಮರೆಯಲಾಗದು. ಎರಡು ಘಟನೆಗಳು ಜೊತೆಜೊತೆಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಈ ಮಾತನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ ನಿಮಗೇ ಗೊತ್ತು.

ಊಹೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಡೇವಿಡ್ ಜೆಂಕಿನ್ಸ್ ಮುಖ್ಯರು. ಅವರು ಮತ್ತು ಸಹೋದ್ಯೋಗಿಗಳು ಬ್ರಿಟನ್ನಿನಲ್ಲಿ ಗೋರಿ ಅಂಟು, ಹಣ್ಣಿನ ಪೆಕ್ಟಿನ್ ಮತ್ತು ಗೋಧಿಯ ಹೊಟ್ಟನ್ನು ಹೋಲಿಸಿ 1975ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲೆರಡು ರಕ್ತದ ಕೊಲೆಸ್ಟರಾಲನ್ನು ತಗ್ಗಿಸಿದವು, ಗೋಧಿಯ ಹೊಟ್ಟು ತಗ್ಗಿಸಲಿಲ್ಲ. 1976ರಲ್ಲಿ ಮಧುಮೇಹಿಗಳ ಬೆಳಗಿನ ಉಪಾಹಾರಕ್ಕೆ ಗೋರಿ ಅಂಟು ಮತ್ತು ಪೆಕ್ಟಿನ್ ಸೇರಿಸಿದಾಗ, ಊಟದ ನಂತರ ಸಕ್ಕರೆ ಏರುವ ಪ್ರಮಾಣ ತಗ್ಗಿತು. 1978ರ ಪ್ರಯೋಗದಲ್ಲಿ ಅಂಟಿನ ಲೋಳೆತನವನ್ನು ನಾಶಮಾಡಿ ಕೊಟ್ಟಾಗ ಆ ಗುಣವೂ ಇಲ್ಲವಾಯಿತು. ಗುಟ್ಟೆಲ್ಲ ಲೋಳೆಯಲ್ಲಿಯೇ ಇತ್ತು.

ಇದರ ಕ್ರಮ ಸರಳವಾದುದು. ಈ ಅಂಟು ಹೊಟ್ಟೆಯ ನೀರಿನೊಡನೆ ಸೇರಿ ದಪ್ಪನೆಯ ಗಂಜಿಯಂತಾಗುತ್ತದೆ. ಅದರೊಳಗೆ ಸಿಲುಕಿದ ಸಕ್ಕರೆ ನಿಧಾನವಾಗಿ ರಕ್ತವನ್ನು ಸೇರುತ್ತದೆ. ಕರುಳಿನಲ್ಲಿರುವ ಪಿತ್ತದ ಆಮ್ಲಗಳಲ್ಲಿ ಒಂದಂಶವನ್ನೂ ಅದು ಹೊರಗೆ ಸಾಗಿಸುತ್ತದೆ. ನಷ್ಟವಾದ ಪಿತ್ತವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ 10 ಗ್ರಾಂ ಗೋರಿ ಅಂಟು ಕೊಲೆಸ್ಟರಾಲನ್ನು ಸಹಜಮಟ್ಟದಲ್ಲಿಡಲು ನೆರವಾಗುತ್ತದೆಂಬ ಮಾತಿಗೆ ಯುರೋಪಿನ ಒಕ್ಕೂಟ 2012ರಲ್ಲಿ ಅಧಿಕೃತ ಮನ್ನಣೆ ನೀಡಿದೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತವಾಗುತ್ತದೆ. ಆದರೆ ಅರ್ಧ ಸತ್ಯವನ್ನು ಹೇಳಿ ಮೇಷ್ಟ್ರು ಕುರ್ಚಿಯಿಂದ ಏಳಬಾರದು. ಆ ಅಂಟು ಇರುವುದು ಬಲಿತ ಬೀಜದಲ್ಲಿ. ನಾವು ಪಲ್ಯ ಮಾಡುವುದು ಬೀಜ ಇನ್ನೂ ಬಲಿಯದ ಎಳೆಯ ಕಾಯಿಯಿಂದ. ತಟ್ಟೆಯ ತುಂಬ ಪಲ್ಯ ಉಂಡರೂ ಪ್ರಯೋಗಗಳಲ್ಲಿ ಕೊಟ್ಟಷ್ಟು ಅಂಟು ನಮಗೆ ದಕ್ಕುವುದಿಲ್ಲ. ಹಾಗೆಂದು ಅಂಟಿನ ಪುಡಿಯನ್ನೇ ತಂದು ನುಂಗಬಹುದೆ? ನೀರು ಸಾಲದಿದ್ದರೆ ಅದು ಗಂಟಲಿನಲ್ಲಿಯೇ ಉಬ್ಬಿ ಅನ್ನನಾಳವನ್ನು ಕಟ್ಟುತ್ತದೆ. ತೂಕ ಇಳಿಸಲೆಂದು ಅಮೆರಿಕದಲ್ಲಿ ಮಾರುತ್ತಿದ್ದ ಗೋರಿ ಅಂಟಿನ ಮಾತ್ರೆಗಳಿಂದ ಇಂಥ ಅಪಾಯಗಳು ಸಂಭವಿಸಿ, 1990ರಲ್ಲಿ ಅಲ್ಲಿನ ಸರ್ಕಾರ ಅವುಗಳ ವಿರುದ್ಧ ಕ್ರಮ ಕೈಗೊಳ್ಳಬೇಕಾಯಿತು.

ನಾನು ಇದನ್ನು ಬರೆಯಲು ಒಂದು ಕಾರಣವುಂಟು. ಹಿಂದೆ ಪರೀಕ್ಷೆಯ ಅಂಕಗಳನ್ನು ಹೇಳಲು ಓಡಿ ಬರುತ್ತಿದ್ದ ನನ್ನ ಶಿಷ್ಯರು ಈಗ ದೂರವಾಣಿಯಲ್ಲಿ ರಕ್ತದ ಸಕ್ಕರೆಯ ಅಂಕಗಳನ್ನು ಹೇಳುತ್ತಾರೆ. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಸಮೀಕ್ಷೆ ತಿಳಿಸಿದೆ. ನಮ್ಮ ಬಂಧುವರ್ಗದಲ್ಲಿಯೇ ಒಬ್ಬರು ಯಾರದೋ ಮಾತು ಕೇಳಿ, ಮಾತ್ರೆಗಳನ್ನು ಬಿಟ್ಟು, ಬೆಳಗ್ಗೆ ಹಸಿ ಗೋರಿಕಾಯಿಯ ರಸ ಕುಡಿಯತೊಡಗಿದರು. ಎರಡು ತಿಂಗಳಿನಲ್ಲಿ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆ ಸೇರಿದರು. ಕಾಲು ಉಳಿಯಿತು, ಒಂದು ಬೆರಳು ಉಳಿಯಲಿಲ್ಲ. ತಪ್ಪು ಗೋರಿಕಾಯಿಯದಲ್ಲ. ಊಟದ ಕೆಲಸವನ್ನು ಊಟಕ್ಕೂ ಔಷಧದ ಕೆಲಸವನ್ನು ಔಷಧಕ್ಕೂ ಬಿಡದೆ ಹೋದದ್ದರ ಫಲ ಅದು.

ಹಾಗಾದರೆ ಗೋರಿಕಾಯಿಯಿಂದ ಪ್ರಯೋಜನವಿಲ್ಲವೆ? ಖಂಡಿತ ಇದೆ. ಕಾಯಿಯಲ್ಲಿ ನಾರಿದೆ, ಹಿಟ್ಟಿನಂಶ ಕಡಿಮೆ, ಬೆಲೆಯೂ ಕೈಗೆಟಕುವಂಥದು. ಅನ್ನದ ರಾಶಿಯನ್ನು ಅರ್ಧಕ್ಕಿಳಿಸಿ ಆ ಜಾಗದಲ್ಲಿ ಪಲ್ಯವನ್ನು ಬಡಿಸಿಕೊಂಡರೆ, ಅಥವಾ ಜೋಳದ ರೊಟ್ಟಿಯೊಡನೆ ಶೇಂಗಾಪುಡಿ ಹಾಕಿದ ಚವಳಿಕಾಯಿ ಪಲ್ಯ ಉಂಡರೆ, ಅದು ನಿಜವಾದ ಪಥ್ಯ. ಎಳೆಯ ಕಾಯಿಯನ್ನೇ ಆರಿಸಿ, ತುದಿ ಮುರಿದು ನಾರು ತೆಗೆದು, ಬೇಯಿಸಿ ಒಗ್ಗರಣೆ ಕೊಡಿ. ಕಹಿ ಮರೆಸಲು ಬೆಲ್ಲ ಹಾಕುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಅದನ್ನು ಬಿಡಿ. ಎಣ್ಣೆ ಮಿತವಾಗಿರಲಿ. ವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಮುಂದಿನ ರಕ್ತಪರೀಕ್ಷೆಯ ದಿನಾಂಕವನ್ನು ಇಂದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.

ಎಲ್ಲರಿಗೂ ಆಯುರಾರೋಗ್ಯವನ್ನು ಹಾರೈಸುತ್ತೇನೆ.