ಯೋಗಾಸನದ ಹೆಸರು ಕಷ್ಟವೇ? ಅರ್ಧ ಪದ ನಿಮಗೆ ಮೊದಲೇ ಗೊತ್ತು

ಜೂನ್ 21ರ ಯೋಗ ದಿನ ಹತ್ತಿರ ಬಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲಿ ಆಸನದ ಅಭ್ಯಾಸ ಶುರುವಾಗುತ್ತದೆ. ದೊಡ್ಮನೆಯಂಥ ಊರಲ್ಲೂ ಮೊಬೈಲ್ ನೋಡಿಕೊಂಡು ಮನೆಯಲ್ಲೇ ಮಾಡುವವರಿದ್ದಾರೆ. ಆದರೆ ಮೈಕಿನಲ್ಲಿ ‘ಪಶ್ಚಿಮೋತ್ತಾನಾಸನ’ ಅಂದ ಕೂಡಲೇ ಪಕ್ಕದವರನ್ನು ನೋಡುವವರೇ ಜಾಸ್ತಿ. ಮಕ್ಕಳಂತೂ ಭುಜಂಗಾಸನಕ್ಕೆ ‘ಕೋಬ್ರಾ ಪೋಸ್’ ಅಂತಾರೆ. ಹೆಸರನ್ನು ಒಮ್ಮೆ ಬಿಡಿಸಿ ನೋಡಿದರೆ ಏನು ಮಾಡಬೇಕು ಅನ್ನೋದು ಎಷ್ಟೋ ಕಡೆ ಹೆಸರಿನಲ್ಲೇ ಸಿಗುತ್ತದೆ.

ಕೊನೆಯಲ್ಲಿ ಬರುವುದು ‘ಆಸನ’, ಅಂದರೆ ಕೂರುವುದು, ಕೂರುವ ಭಂಗಿ. ಭುಜಂಗ + ಆಸನ = ಭುಜಂಗಾಸನ. ಹೈಸ್ಕೂಲಿನ ಸವರ್ಣದೀರ್ಘ ಸಂಧಿ ಅಷ್ಟೇ. ಇದನ್ನು ತೆಗೆದಿಟ್ಟು ಮುಂದಿನ ಭಾಗ ನೋಡಬೇಕು.

ಪಶ್ಚಿಮೋತ್ತಾನಾಸನವನ್ನೇ ತೆಗೆದುಕೊಳ್ಳಿ. ಇಲ್ಲಿ ಪಶ್ಚಿಮ ಅಂದರೆ ಬೆನ್ನಿನ ಭಾಗ. ಪೂರ್ವಕ್ಕೆ ಮುಖ ಮಾಡಿ ಕೂತರೆ ಬೆನ್ನು ಪಶ್ಚಿಮಕ್ಕೆ ಇರುತ್ತದೆ. ಆ ಪದದ ಮೂಲದಲ್ಲೇ ‘ಹಿಂದೆ’ ಅನ್ನೋ ಅರ್ಥ ಇದೆ. ಮಾಡಿದ ಮೇಲೆ ಹಿಂದಿನಿಂದ ಸುಡುವುದು ಪಶ್ಚಾತ್ತಾಪ. ಉತ್ತಾನ ಅಂದರೆ ಚೆನ್ನಾಗಿ ಚಾಚುವುದು. ಒಟ್ಟಿಗೆ, ದೇಹದ ಹಿಂಭಾಗವನ್ನು ಚಾಚುವ ಆಸನ. ಹೆಸರಿನಲ್ಲಿ ತಲೆಯೂ ಇಲ್ಲ, ಮಂಡಿಯೂ ಇಲ್ಲ. ಆದರೂ ಮೊದಲ ದಿನವೇ ಹಣೆಯನ್ನು ಮಂಡಿಗೆ ಮುಟ್ಟಿಸಲೇಬೇಕು ಅಂತ ಬೆನ್ನು ಗೂನು ಮಾಡಿ ಎಳೆಯುವವರಿದ್ದಾರೆ. ಆಮೇಲೆ ಉಳಿಯುವುದು ಪಶ್ಚಾತ್ತಾಪವೇ. ತಲೆ, ಮಂಡಿ ಎರಡೂ ಹೆಸರಿನಲ್ಲಿರುವ ಆಸನ ಬೇರೆ ಇದೆ: ಜಾನುಶೀರ್ಷಾಸನ. ಜಾನು ಮಂಡಿ, ಶೀರ್ಷ ತಲೆ. ಬೆನ್ನು ನೋವು ಇದ್ದವರು ಇವೆರಡನ್ನೂ ವೈದ್ಯರನ್ನು ಕೇಳಿಯೇ ಮಾಡುವುದು ಒಳ್ಳೆಯದು.

ಕೆಲವು ಪದ ಕನ್ನಡದ ಕಿವಿಗೆ ದಾರಿ ತಪ್ಪಿಸುತ್ತವೆ. ತ್ರಿಕೋಣಾಸನದಲ್ಲಿ ಮೂರು ಕೋಣ ಇಲ್ಲ! ಸಂಸ್ಕೃತದ ಕೋಣ ಅಂದರೆ ಮೂಲೆ. ಭುಜಂಗಾಸನ ಭುಜ ಎತ್ತುವ ಆಸನ ಅಲ್ಲ, ಬಳುಕುತ್ತಾ ಹೋಗುವುದು ಭುಜಂಗ, ಅಂದರೆ ಹಾವು. ಶಶಾಂಕಾಸನದ ಶಶಾಂಕ ಚಂದ್ರನ ಹೆಸರು, ಮೊಲದ ಗುರುತು ಇರುವವನು ಅಂತ. ಮುಂದೆ ಬಾಗಿ ಮೊಲದ ಹಾಗೆ ಮುದುಡುವುದರಿಂದ ಇದಕ್ಕೆ ಶಶಕಾಸನ ಅಂತಲೂ ಅಂತಾರೆ.

ಉಳಿದವು ದಿನಾ ಕೇಳುವ ಪದಗಳೇ. ಉಷ್ಟ್ರ ಅಂದರೆ ಒಂಟೆ, ಉಷ್ಟ್ರಪಕ್ಷಿ ಶಾಲೆಯ ಪುಸ್ತಕದಲ್ಲಿ ಬಂದಿದೆ. ಬಕ ಅಂದರೆ ಕೊಕ್ಕರೆ, ಬಕಧ್ಯಾನ ಮಾಡುವವರನ್ನು ಕಾಣದ ಊರಿಲ್ಲ. ಶ್ವಾನ ನಾಯಿ, ಕಳ್ಳತನದ ಸುದ್ದಿಯಲ್ಲಿ ಬರುವ ಶ್ವಾನದಳದ್ದೇ. ಅಧೋಮುಖ ಅಂದರೆ ಮುಖ ಕೆಳಗೆ, ಹಾಗಾಗಿ ಅಧೋಮುಖ ಶ್ವಾನಾಸನ. ಕಟಿ ಅಂದರೆ ಸೊಂಟ, ಸೊಂಟವನ್ನು ತಿರುಗಿಸುವುದು ಕಟಿಚಕ್ರಾಸನ. ‘ಕ್ಷೇತ್ರದ ಅಭಿವೃದ್ಧಿಗೆ ಕಟಿಬದ್ಧ’ ಅನ್ನೋ ಭಾಷಣದಲ್ಲಿ ಇರುವುದೂ ಇದೇ ಸೊಂಟ, ಕಟ್ಟಿಕೊಂಡದ್ದು. ಚತುರಂಗ ದಂಡಾಸನದ ಚತುರಂಗ ಅಂದರೆ ನಾಲ್ಕು ಅಂಗ. ನೆಲಕ್ಕೆ ತಾಗುವುದು ಎರಡು ಕೈ, ಎರಡು ಕಾಲು ಮಾತ್ರ. ನಾವು ಆಡುವ ಚದುರಂಗವೂ ಅದೇ ಪದ. ವೀರಭದ್ರಾಸನವನ್ನು ಯಕ್ಷಗಾನದವರಿಗೆ ಹೇಳಿಕೊಡುವುದೇ ಬೇಡ, ದಕ್ಷಯಜ್ಞ ಪ್ರಸಂಗದಲ್ಲಿ ಅಬ್ಬರಿಸಿ ಬರುವ ವೀರಭದ್ರನೇ ಅವನು.

ಈ ಹೆಸರುಗಳು ಹೊರದೇಶಕ್ಕೆ ಹೋಗಿದ್ದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಅಚ್ಚಾಗಿದ್ದು ಕನ್ನಡದಲ್ಲೇ. ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1966ರಲ್ಲಿ ಬಂದ ಅವರ ‘ಲೈಟ್ ಆನ್ ಯೋಗ’ದಲ್ಲಿ ಆಸನ ಮಾಡುವ ಕ್ರಮದ ಜೊತೆ ಸಂಸ್ಕೃತ ಪದದ ಅರ್ಥವನ್ನೂ ಬಿಡಿಸಿದ್ದಾರೆ. ತಾಡಾಸನದ ‘ತಾಡ’ಕ್ಕೆ ಅವರು ಕೊಟ್ಟ ಅರ್ಥ ಬೆಟ್ಟ. ತಾಳೆಮರ ಅಂತ ಹೇಳುವವರೂ ಇದ್ದಾರೆ, ತಾಡೋಲೆ ಗೊತ್ತಿದ್ದ ನಮಗೆ ಅದೇ ಬೇಗ ಹೊಳೆಯುತ್ತದೆ. ಬೆಟ್ಟದ ಹಾಗೆ ಕದಲದೆ ನಿಲ್ಲಿ ಅಂತ ಒಬ್ಬರು, ಕೈ ಎತ್ತಿ ತಾಳೆಮರದ ಹಾಗೆ ಮೇಲಕ್ಕೆ ಚಾಚಿ ಅಂತ ಇನ್ನೊಬ್ಬರು ಹೇಳಿದರೆ ಗೊಂದಲ ಬೇಡ.

ಬ್ಯಾನರ್ ಮಾಡಿಸುವ ಅಂಗಡಿಯವರಿಗೆ ಒಂದು ಮಾತು. ಇಂಗ್ಲಿಷ್ ಅಕ್ಷರ ನೋಡಿ ಟೈಪ್ ಮಾಡಿದರೆ ಹಲಾಸನ ‘ಹಾಲಾಸನ’ ಆಗುತ್ತದೆ. ಹಲ ಅಂದರೆ ನೇಗಿಲು, ಹಾಲಿಗೂ ಅದಕ್ಕೂ ಸಂಬಂಧ ಇಲ್ಲ. ಶಲಭಾಸನದಲ್ಲಿ ‘ಭ’ ಮಹಾಪ್ರಾಣವೇ ಬೇಕು, ಶಲಭ ಅಂದರೆ ಮಿಡತೆ. ಶವಾಸನಕ್ಕೆ ‘ಸ’ ಹಾಕಬಾರದು. ಬೆಳಿಗ್ಗೆ ಬೆಳಿಗ್ಗೆ ಶವ ಅನ್ನೋದು ಹೇಗೆ ಅಂತ ಹಿಂಜರಿಯುವವರಿಗೆ ಮೃತಾಸನ ಅನ್ನೋ ಇನ್ನೊಂದು ಹೆಸರೂ ಇದೆ, ಆದರೆ ಅದರಿಂದ ಏನೂ ಉಪಯೋಗ ಇಲ್ಲ!