ಮೊಗ್ಗು, ಒಡವೆ, ಓಲೆ

ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಊರಿನ ಇತಿಹಾಸವನ್ನೂ ಶಾಲೆ ಕಟ್ಟಿದ ಕಥೆಯನ್ನೂ ನನಗಿಂತ ಹಿರಿಯರು ಬರೆಯುತ್ತಿದ್ದಾರೆ. ಬೇರೆ ಊರುಗಳಲ್ಲಿ ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಒಂದು ಶಬ್ದದ ಇತಿಹಾಸ ಬರೆಯುತ್ತೇನೆ. ಆ ಶಬ್ದವನ್ನು ನಾನು ಮೊದಲು ಕೇಳಿದ್ದು ಇದೇ ಶಾಲೆಯಲ್ಲಿ. ಲೆಕ್ಕ ಬಿಡಿಸಿದ ಹುಡುಗನ ಬೆನ್ನು ತಟ್ಟಿ ಮಾಸ್ತರರು "ಇಂವಾ ನಮ್ಮ ಸಾಲಿ ಜೆಮ್ ನೋಡ್ರಿ" ಎನ್ನುತ್ತಿದ್ದರು. ಜೆಮ್ ಅಂದರೆ ರತ್ನ ಎಂದು ನಮಗೆ ಗೊತ್ತಿತ್ತು. ಅದಕ್ಕೂ ಮೊದಲು ಅದರ ಅರ್ಥ ಏನಿತ್ತು ಎಂದು ಯಾರೂ ಕೇಳಿರಲಿಲ್ಲ.

ಲ್ಯಾಟಿನ್ ಭಾಷೆಯಲ್ಲಿ 'ಗೆಮ್ಮ' ಎಂದರೆ ಮೊಗ್ಗು, ಚಿಗುರಿನ ಕಣ್ಣು. ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಚಾಟ್ನಿ ಮಾಡಿದ ಮೇಲೆ ಬಳ್ಳಿಯ ಗೆಣ್ಣಿನಲ್ಲಿ ಉಬ್ಬಿ ಬರುತ್ತದಲ್ಲ, ಅದು. ಇಟಲಿಯ ರೈತರೂ ದ್ರಾಕ್ಷಿ ಬೆಳೆಯುವವರೇ. ಅದೇ ಗೆಮ್ಮ ಶಬ್ದವನ್ನು ರೋಮಿನವರು ಉಂಗುರದ ಹರಳಿಗೂ ಬಳಸಿದರು. ಮೊಗ್ಗಿನ ಹಾಗೆ ದುಂಡಗೆ, ಬಿಗಿಯಾಗಿ, ಹೊಳೆಯುತ್ತ ಕೂತದ್ದಕ್ಕೆ ಆ ಹೆಸರು ಒಪ್ಪುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಕ್ರಿ.ಪೂ. ಒಂದನೆಯ ಶತಮಾನದ ದೊಡ್ಡ ವಾಗ್ಮಿ ಸಿಸೆರೊ, ಹಳ್ಳಿಗರು ಕೂಡ ರೂಪಕದಲ್ಲಿ ಮಾತಾಡುತ್ತಾರೆ ಎಂಬುದಕ್ಕೆ ಇದನ್ನೇ ಉದಾಹರಣೆ ಕೊಟ್ಟ. ಬಳ್ಳಿ ರತ್ನ ಬಿಡುತ್ತಿದೆ ಎಂದು ಅವರು ಹೇಳುತ್ತಾರೆ ಎಂಬುದು ಅವನ ಅಭಿಪ್ರಾಯ. ಮುಂದಿನ ಶತಮಾನದ ಕ್ವಿಂಟಿಲಿಯನ್ ಎಂಬ ಶಿಕ್ಷಕ, ರೈತರ ಹತ್ತಿರ ಬೇರೆ ಶಬ್ದವೇ ಇಲ್ಲದ್ದರಿಂದ ಹಾಗೆ ಹೇಳುತ್ತಾರೆ ಎಂದ. ಅಂದರೆ ಶಬ್ದ ಪಟ್ಟಣದ ಅಕ್ಕಸಾಲಿಯದು, ರೈತ ಅದನ್ನು ಕಡ ತಂದ ಎಂದು ಇಬ್ಬರೂ ನಂಬಿದ್ದರು. ಇಂದಿನ ಭಾಷಾ ವಿದ್ವಾಂಸರು ಇದನ್ನು ತಿರುವಿ ಹಾಕಿದ್ದಾರೆ. ಮೊಗ್ಗು ಮೊದಲು, ರತ್ನ ಆಮೇಲೆ. ಕಡ ತಂದವನು ಅಕ್ಕಸಾಲಿ. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಮೊದಲ ಸಲ ಓದಿದಾಗ ಆದ ಸಂತೋಷ ಸಣ್ಣದಲ್ಲ.

ಶಬ್ದ ಲ್ಯಾಟಿನ್ನಿನಿಂದ ಹಳೆಯ ಇಂಗ್ಲಿಷಿಗೆ 'ಗಿಮ್' ಎಂದು ಹೋಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಪ್ರಭಾವದಿಂದ 'ಜೆಮ್' ಆಯಿತು. 'ಜುವೆಲ್' ಬೇರೆ ಮನೆಯದು. ಅದೂ ಫ್ರೆಂಚಿನಿಂದ ಬಂದದ್ದೇ, ಆದರೆ ಹೆಚ್ಚಿನ ವಿದ್ವಾಂಸರು ಅದರ ಬೇರನ್ನು ಆಟ, ವಿನೋದ ಎಂಬ ಅರ್ಥದ ಲ್ಯಾಟಿನ್ 'ಯೋಕುಸ್' ಶಬ್ದದಲ್ಲಿ ಕಾಣುತ್ತಾರೆ. 'ಜೋಕ್' ಹುಟ್ಟಿದ್ದೂ ಅಲ್ಲಿಂದಲೇ. ಪೇಟೆಯ 'ಜುವೆಲರಿ' ಅಂಗಡಿಯಲ್ಲಿ ಇಂದಿನ ದರ ಕೇಳಿದವರಿಗೆ ಅದು ಜೋಕಿನ ಸಂಬಂಧಿ ಎಂದರೆ ನಂಬುವುದು ಕಷ್ಟ.

ನಮ್ಮ ಕಡೆಗೆ ಬರೋಣ. 'ರತ್ನ' ಎಂದರೆ ಋಗ್ವೇದದಲ್ಲಿ ಹರಳಲ್ಲ, ಸಂಪತ್ತು, ಕೊಡುಗೆ. ಹರಳಿನ ಅರ್ಥ ಆಮೇಲೆ ಅಂಟಿಕೊಂಡದ್ದು. ಕನ್ನಡದ ಬಾಯಲ್ಲಿ ಅದು 'ರನ್ನ' ಆಯಿತು. ಬಳೆಗಾರರ ಮನೆಯಲ್ಲಿ ಹುಟ್ಟಿದ ಮುದುವೊಳಲಿನ ಕವಿಯ ಹೆಸರೂ ಅದೇ. 'ಹರಳು' ಅಪ್ಪಟ ನಮ್ಮದು, ಸಣ್ಣ ಕಲ್ಲು ಎಂದಷ್ಟೇ ಅರ್ಥ. ಉಪ್ಪಿನದೂ ಹರಳೇ, ಉಂಗುರದ್ದೂ ಹರಳೇ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ಶಬ್ದ ಮಾತ್ರ 'ಒಡವೆ'. ಒಡೆಯ, ಒಡತಿ, ಒಡೆತನ ಇವೆಲ್ಲ ಅದರ ಒಡಹುಟ್ಟಿದವು. ಹಳೆಯ ಕನ್ನಡದಲ್ಲಿ ಒಡವೆ ಎಂದರೆ ಆಸ್ತಿ, ತನ್ನದಾದದ್ದು. ಬರಬರುತ್ತ ಮೈಮೇಲಿನ ಬಂಗಾರಕ್ಕೆ ಆ ಹೆಸರು ನಿಂತಿತು. ಯಾಕೆ ನಿಂತಿತು ಎಂಬುದಕ್ಕೆ ನನ್ನ ಉತ್ತರ ಸರಳ. ಊರಿನ ಅರ್ಧ ಜನರಿಗೆ, ಅಂದರೆ ಹೆಣ್ಣುಮಕ್ಕಳಿಗೆ, ತನ್ನದು ಎನ್ನಲು ಅದೊಂದೇ ಇತ್ತು. ಹೊಲ ಗಂಡಸರ ಹೆಸರಿನಲ್ಲಿ, ಮನೆ ಗಂಡಸರ ಹೆಸರಿನಲ್ಲಿ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ 'ಮಿತಾಕ್ಷರ' ಬರೆದ ವಿಜ್ಞಾನೇಶ್ವರ ಸ್ತ್ರೀಧನಕ್ಕೆ ವಿಶಾಲವಾದ ಅರ್ಥ ಕೊಟ್ಟ. ಹೆಣ್ಣಿಗೆ ಯಾವ ದಾರಿಯಿಂದ ಬಂದದ್ದೂ ಅವಳದೇ ಎಂದ. ಆದರೂ ರೂಢಿಯಲ್ಲಿ ಅವಳ ಪಾಲಿಗೆ ಉಳಿದದ್ದು ಕಿವಿ, ಮೂಗು, ಕೊರಳಲ್ಲಿದ್ದದ್ದು. ಹುಟ್ಟಿದ ಮನೆಯ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆ ಪಾಲು ಎಂಬ ಕಾಯಿದೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ.

ಈ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ. 1981ರಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಕಾಲೇಜಿನ ಫೀಸಿಗೂ ರೂಮಿನ ಬಾಡಿಗೆಗೂ ದುಡ್ಡಿರಲಿಲ್ಲ. ಅಪ್ಪನ ಹೆಸರಿನ ನಾಲ್ಕು ಎಕರೆಯ ಮೇಲೆ ಮೊದಲೇ ಸಾಲವಿತ್ತು. ಅವ್ವ ಎರಡೂ ಕಿವಿಯ ಬುಗುಡಿ ತೆಗೆದು ಅಡವಿಟ್ಟಳು. ಅವು ಅಕ್ಕನ ಮದುವೆಗೆ ಎಂದು ಇಟ್ಟುಕೊಂಡಿದ್ದವು. ಅಕ್ಕ ಏಳನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದಳು. ಬಡ್ಡಿ ಬೆಳೆಯಿತು, ಬುಗುಡಿ ತಿರುಗಿ ಬರಲಿಲ್ಲ. ತೂತು ಮುಚ್ಚಬಾರದೆಂದು ಅವ್ವ ಕಿವಿಗೆ ಬೇವಿನ ಕಡ್ಡಿ ಚುಚ್ಚಿಕೊಂಡಿರುತ್ತಿದ್ದಳು. ನಮ್ಮ ಮೊದಲ ತಂಡಗಳಲ್ಲಿ ಓದಿ ನೌಕರಿ ಹಿಡಿದವರು ತಮ್ಮ ತಮ್ಮ ಮನೆಯಲ್ಲಿ ವಿಚಾರಿಸಿದರೆ ಇಂಥ ಕಥೆ ಇನ್ನೂ ಸಿಗುತ್ತವೆ. ಸ್ಮರಣ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ ಆ ಹೆಸರುಗಳು ಇರುವುದಿಲ್ಲ.

ಸುವರ್ಣ ಮಹೋತ್ಸವಕ್ಕೆ ನಾವು ಗೋಲ್ಡನ್ ಜುಬಿಲಿ ಎಂದೂ ಅನ್ನುತ್ತೇವಲ್ಲ, ಆ ಜುಬಿಲಿ ಹೀಬ್ರೂ ಶಬ್ದ. ಟಗರಿನ ಕೊಂಬು ಎಂದು ಅದರ ಅರ್ಥ. ಯಹೂದ್ಯರ ಧರ್ಮಗ್ರಂಥದ ಪ್ರಕಾರ ಐವತ್ತನೆಯ ವರ್ಷ ಕೊಂಬು ಊದಿ ಸಾರಬೇಕು. ಕಷ್ಟಕ್ಕೆ ಮಾರಿಕೊಂಡ ಹೊಲ ಮೂಲ ಒಡೆಯನ ಮನೆಗೆ ಮರಳಬೇಕು. ಬುಗುಡಿಗೆ ಅಂಥ ಕಟ್ಟಳೆ ಇರಲಿಲ್ಲ.

ಬುಗುಡಿ, ಬೆಂಡೋಲೆ, ಗುಂಡಿನ ಟೀಕಿ, ವಂಕಿ, ಡಾಬು, ಪಿಲ್ಲಿ. ಇವುಗಳಲ್ಲಿ ಎಷ್ಟನ್ನು ಇಂದಿನ ಎಂಟನೆಯ ತರಗತಿಯ ಹುಡುಗಿಯರು ಬಲ್ಲರೋ. ಬೋರಮಾಳದ ಗುಂಡುಗಳಿಗೆ ಹೆಸರು ಕೊಟ್ಟದ್ದು ಬೋರೆಹಣ್ಣು, ನಮ್ಮ ಬದುವಿನ ಮೇಲಿನ ಬಾರೀಹಣ್ಣು. ಮಲೆನಾಡಿನವರಿಗೆ ಅವಲಕ್ಕಿ ಸರ ಉಂಟು. ಗೆಮ್ಮದಂತೆ ನಮ್ಮ ಒಡವೆಗಳೂ ಹೆಸರನ್ನು ಹೊಲದಿಂದ, ಅಡುಗೆಮನೆಯಿಂದಲೇ ತಂದುಕೊಂಡಿವೆ.

ಎಲ್ಲಕ್ಕಿಂತ ಹಳೆಯದು ಓಲೆ. ಓಲೆ ಎಂದರೆ ತಾಳೆಯ ಗರಿ. ಅದನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಸಿಕ್ಕಿಸಿದರೆ ಕಿವಿಯೋಲೆ. ಬಂಗಾರದ್ದು ಬಂದ ಮೇಲೂ ಹೆಸರು ಬದಲಾಗಲಿಲ್ಲ. ಅದರ ಮೇಲೆ ಕಂಠದಿಂದ ಕೊರೆದು ಬರೆದರೆ ಓಲೆಗರಿ, ಕಳಿಸಿದರೆ ಕಾಗದ. ಇಲ್ಲಿಂದ ಬಸ್ಸಿನಲ್ಲಿ ಹೋಗಿ ನೋಡಿಬರಬಹುದಾದ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಇಂಥ ಗರಿಗಳ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದಳು. 993ರಲ್ಲಿ ರನ್ನ ಅಜಿತಪುರಾಣ ಬರೆದದ್ದೂ ಅವಳ ಆಶ್ರಯದಲ್ಲಿ. ಜನ ಅವಳನ್ನು ಕರೆದದ್ದು ದಾನಚಿಂತಾಮಣಿ ಎಂದು. ಚಿಂತಾಮಣಿ ಎಂದರೆ ಬೇಡಿದ್ದನ್ನು ಕೊಡುವ ರತ್ನ.